ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಪಿಂಚಣಿ: ಕೇಂದ್ರ ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕೇಂದ್ರ ಕಾರ್ಮಿಕ ಮತ್ತು ಉದ್ಯೋಗ ಸಚಿವರು,
ಹಾಗೂ ಅಧ್ಯಕ್ಷರು, ಕೇಂದ್ರ ಟ್ರಸ್ಟಿಗಳ ಮಂಡಳಿ,
ನೌಕರರ ಭವಿಷ್ಯ ನಿಧಿ ಸಂಸ್ಥೆ, ನವದೆಹಲಿ

ವಿಷಯ: 1995ರ ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಪಿಂಚಣಿ ಏರಿಸುವುದು ಮತ್ತು ಪಿಂಚಣಿ ಹಣ ಹಿಂಪಡೆಯುವ ಮುಂಚೆ ಕೆಲಸಗಾರರಿಗೆ ಅವರ ಭಾಷೆಯಲ್ಲಿ ತಿಳಿಸಿ ಹೇಳುವುದರ ಬಗ್ಗೆ.

ಮಾನ್ಯರೇ,

ಬೆಂಗಳೂರಿನ ಲಗ್ಗೆರೆಯಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಹೊರಗೆ ಒಂದು ಬೆಂಚು. ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್, ಎಲ್ಲ ಅರ್ಜಿಯನ್ನೂ ಹಾಕಿಕೊಡುತ್ತೇನೆ. ಆದರೆ ಜಾಸ್ತಿ ಬರುವುದು ಪಿಎಫ್ ಕೆಲಸ. ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಟೈಲರ್, ಹೆಲ್ಪರ್, ಚೆಕ್ಕಿಂಗ್ ಕೆಲಸ ಮಾಡುವ ಹೆಣ್ಣುಮಕ್ಕಳು ಸಂಜೆ ಕೆಲಸ ಬಿಟ್ಟ ಮೇಲೆ ಬರುತ್ತಾರೆ. "ಅಕ್ಕ, ಪಿಎಫ್ ತೆಗೆದುಕೊಡಿ" ಅನ್ನುತ್ತಾರೆ. ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಒಂದು ಮೊಬೈಲು. ಅಷ್ಟೇ ಅವರ ಕೈಯಲ್ಲಿ ಇರುವುದು.

ತಾವು ಅಧ್ಯಕ್ಷರಾಗಿರುವ ಮಂಡಳಿ ದೇಶದ ಕೋಟ್ಯಂತರ ಕೆಲಸಗಾರರ ಮುಪ್ಪಿನ ಹಣವನ್ನು ನೋಡಿಕೊಳ್ಳುತ್ತದೆ. ಅದರ ನಿಯಮಗಳು ನಮ್ಮ ಬೀದಿಯವರೆಗೆ ಬಂದಾಗ ಏನಾಗುತ್ತಿದೆ ಅನ್ನುವುದನ್ನು ತಮಗೆ ಹೇಳಬೇಕು ಅನ್ನಿಸಿತು. ಈ ಹೆಣ್ಣುಮಕ್ಕಳಿಗೆ ವಯಸ್ಸಾದ ಮೇಲೆ ಪಿಂಚಣಿ ಬರುತ್ತದೋ ಇಲ್ಲವೋ ಎಂಬುದು ನನ್ನಂಥವರ ಅಂಗಡಿ ಮುಂದೆ, ಹತ್ತು ನಿಮಿಷದಲ್ಲಿ, ಯಾರೂ ಏನನ್ನೂ ವಿವರಿಸದೆ ತೀರ್ಮಾನವಾಗಿಬಿಡುತ್ತದೆ.

ಅದು ಹೇಗೆ ಅಂತ ಹೇಳುತ್ತೇನೆ. ಕೆಲಸ ಬಿಟ್ಟವರು ಪಿಎಫ್ ತೆಗೆಯಲು ಫಾರಂ 19 ಹಾಕಬೇಕು. ಪಿಂಚಣಿ ಭಾಗದ ಹಣ ತೆಗೆಯಲು ಫಾರಂ 10ಸಿ ಹಾಕಬೇಕು. ಎರಡೂ ಬೇರೆ ಬೇರೆ. ಮೊದಲನೆಯದನ್ನು ಹಾಕಿದರೆ ಉಳಿತಾಯ ಕೈಗೆ ಬರುತ್ತದೆ. ಎರಡನೆಯದನ್ನು ಹಾಕಿ ಹಣ ಪಡೆದರೆ ಅಲ್ಲಿಯತನಕ ದುಡಿದ ವರ್ಷಗಳು ಪಿಂಚಣಿ ಲೆಕ್ಕದಿಂದ ಅಳಿಸಿಹೋಗುತ್ತವೆ. ಪಿಂಚಣಿ ಬೇಕಾದರೆ ಒಟ್ಟು 10 ವರ್ಷದ ಸೇವೆ ಆಗಿರಬೇಕು, ಕಡಿತವಿಲ್ಲದೆ ಸಿಗಬೇಕಾದರೆ ವಯಸ್ಸು 58 ಆಗಬೇಕು. ಆರು ವರ್ಷ ದುಡಿದು 10ಸಿ ಹಾಕಿದವಳು ಮತ್ತೆ ಬೇರೆ ಫ್ಯಾಕ್ಟರಿಗೆ ಸೇರಿದರೆ ಸೊನ್ನೆಯಿಂದ ಎಣಿಸಬೇಕು. ಹಣ ತೆಗೆಯದೆ, ದುಡಿದ ವರ್ಷಗಳನ್ನು ಬರೆದುಕೊಡುವ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಂಡರೆ, ಇಲ್ಲವೇ ಹಳೇ ಖಾತೆಯನ್ನು ಹೊಸ ಕೆಲಸಕ್ಕೆ ವರ್ಗಾಯಿಸಿಕೊಂಡರೆ, ಆ ವರ್ಷಗಳು ಉಳಿಯುತ್ತವೆ. ಈ ಮಾತು ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಫ್ಯಾಕ್ಟರಿಯಲ್ಲಿ ಎಚ್‌ಆರ್‌ನವರು ಹೇಳಿರುವುದಿಲ್ಲ. ಕಮಿಷನ್‌ಗೆ ಕೆಲಸ ಮಾಡುವ ಏಜೆಂಟ್ ಅಂತೂ ಹೇಳುವುದೇ ಇಲ್ಲ. ಎರಡೂ ಫಾರಂ ಹಾಕಿಸಿದರೆ ತಾನೇ ಅವನಿಗೆ ಜಾಸ್ತಿ ಸಿಗುವುದು?

ನನ್ನ ತಾಯಿಯ ವಿಷಯ ಹೇಳುತ್ತೇನೆ. ಅವರು 21 ವರ್ಷ ಗಾರ್ಮೆಂಟ್ಸ್‌ನಲ್ಲಿ ಮಿಷನ್ ತುಳಿದವರು. ಮೂರು ಫ್ಯಾಕ್ಟರಿ ಬದಲಾಯಿತು. ಮೊದಲ ಎರಡು ಕಡೆ ಬಿಟ್ಟಾಗಲೂ ಏಜೆಂಟ್ ಒಬ್ಬ ಸಹಿ ಹಾಕಿಸಿಕೊಂಡು ಹಣ ಕೊಡಿಸಿದ. ಒಂದು ಸಲದ್ದು ಮನೆ ಭೋಗ್ಯಕ್ಕೆ ಹೋಯಿತು, ಇನ್ನೊಂದು ಸಲದ್ದು ನನ್ನ ಪಿಯುಸಿ ಫೀಸಿಗೆ. 58 ತುಂಬಿ ಪಿಂಚಣಿಗೆ ಅರ್ಜಿ ಹಾಕಿದಾಗ ಲೆಕ್ಕಕ್ಕೆ ಸಿಕ್ಕಿದ್ದು 12 ವರ್ಷ ಮಾತ್ರ. ಈಗ ತಿಂಗಳಿಗೆ 1,200 ಚಿಲ್ಲರೆ ಬರುತ್ತದೆ. ಉಳಿದ 9 ವರ್ಷವೂ ಸೇರಿದ್ದರೆ ಎರಡು ಸಾವಿರ ದಾಟುತ್ತಿತ್ತು. ಅದೂ ದೊಡ್ಡ ಮೊತ್ತ ಅಲ್ಲ ಅಂತ ಗೊತ್ತು. ಆದರೆ ಬಿಪಿ, ಶುಗರ್ ಮಾತ್ರೆಗೆ ಮಗಳ ಕೈ ನೋಡಬೇಕಾದ ತಾಯಿಗೆ ಎಂಟು ನೂರು, ಒಂಬತ್ತು ನೂರು ಅಂದರೆ ಏನು ಅಂತ ನನಗೆ ಗೊತ್ತಿದೆ. ಅವರು ಕೇಳಿದ್ದು ಒಂದೇ ಮಾತು. "ಆವತ್ತೇ ಯಾರಾದರೂ ಹೇಳಿದ್ದರೆ ಇನ್ನೆಲ್ಲಾದರೂ ಸಾಲ ತರುತ್ತಿದ್ದೆನಲ್ಲ?"

ಹಾಗಂತ ಹಣ ತೆಗೆಯುವವರಿಗೆ ಬುದ್ಧಿ ಇಲ್ಲ ಅಂತ ತಾವು ದಯವಿಟ್ಟು ತಿಳಿಯಬಾರದು. ಅವರ ಲೆಕ್ಕ ಪಕ್ಕಾ ಇರುತ್ತದೆ. ಮೇ, ಜೂನ್ ಬಂತೆಂದರೆ ನನ್ನ ಅಂಗಡಿ ಬೆಂಚು ಖಾಲಿ ಇರುವುದಿಲ್ಲ, ಯಾಕೆಂದರೆ ಸ್ಕೂಲ್ ಫೀಸ್ ಕಟ್ಟುವ ಕಾಲ. ಬಾಡಿಗೆ ಮನೆಯ ಅಡ್ವಾನ್ಸ್, ತಂಗಿ ಮದುವೆ, ಗಂಡನ ಆಪರೇಷನ್, ಊರಲ್ಲಿ ಬೋರ್‌ವೆಲ್. ಇದೆಲ್ಲ ಇಲ್ಲದಿದ್ದರೆ ಸಂಘದ ಸಾಲ. ಮೈಕ್ರೋಫೈನಾನ್ಸ್ ಸಾಲಕ್ಕೆ ಬಡ್ಡಿ ಶೇ 20ಕ್ಕೂ ಜಾಸ್ತಿ. ವಾರ ವಾರ ಕಂತು ಕಟ್ಟಬೇಕು. ಕಟ್ಟದಿದ್ದರೆ ಮನೆ ಮುಂದೆ ಬಂದು ಕೂರುತ್ತಾರೆ. ಈ ಕಿರುಕುಳ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಪಿಎಫ್‌ಗೆ ಸಿಗುವ ಬಡ್ಡಿ ಶೇ 8.25. ಒಂದು ಕಡೆ 8.25 ಬರುತ್ತಿರುವಾಗ ಇನ್ನೊಂದು ಕಡೆ 20ಕ್ಕಿಂತ ಜಾಸ್ತಿ ಕಟ್ಟುವುದು ಯಾವ ಜಾಣತನ? ಪಿಎಫ್ ತೆಗೆದು ಸಾಲ ತೀರಿಸುವ ಹೆಂಗಸು ಸರಿಯಾಗಿಯೇ ಯೋಚಿಸುತ್ತಿದ್ದಾಳೆ.

ಪಿಂಚಣಿಯ ವಿಷಯದಲ್ಲೂ ಅಷ್ಟೇ. ಮಧುಗಿರಿ ಕಡೆಯ ಒಬ್ಬಳು ಬಂದಿದ್ದಳು. ವಯಸ್ಸು 31, ಆರು ವರ್ಷದ ಸೇವೆ, ಸಂಬಳ ಸುಮಾರು 12 ಸಾವಿರ. 10ಸಿ ಹಾಕಿದರೆ ಆರು ತಿಂಗಳ ಸಂಬಳಕ್ಕಿಂತ ಚೂರು ಜಾಸ್ತಿ, ಅಂದರೆ 72 ಸಾವಿರಕ್ಕಿಂತ ಮೇಲೆಯೇ ಬರುತ್ತಿತ್ತು. ಬೇಡ, ಇನ್ನು ನಾಲ್ಕು ವರ್ಷ ಆದರೆ ಪಿಂಚಣಿ ಸಿಗುತ್ತದೆ ಅಂದೆ. "ಎಷ್ಟು ಬರುತ್ತೆ ಅಕ್ಕ, ಯಾವಾಗ ಬರುತ್ತೆ?" ಅಂದಳು. ತಮ್ಮ ಯೋಜನೆಯ ಸೂತ್ರ ಹಾಕಿ ತೋರಿಸಿದೆ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 12 ಸಾವಿರ, ಹತ್ತು ವರ್ಷ. ತಿಂಗಳಿಗೆ 1,714 ರೂಪಾಯಿ. ಸಿಗುವುದು ಅವಳಿಗೆ 58 ಆದಾಗ, ಅಂದರೆ ಇನ್ನು 27 ವರ್ಷಕ್ಕೆ. ಅವಳು ಸ್ವಲ್ಪ ಹೊತ್ತು ಆ ಚೀಟಿ ನೋಡಿದಳು. "ಆಗ ಸಾವಿರದ ಏಳುನೂರಕ್ಕೆ ಏನು ಬರುತ್ತೆ ಅಕ್ಕ? ಈಗಲೇ ಒಂದು ಸಿಲಿಂಡರ್ ಎಂಟುನೂರು ದಾಟಿದೆ" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ ಸ್ವಾಮಿ. ತಮ್ಮ ಹತ್ತಿರ ಇದೆಯೇ?

ಈ ಪ್ರಶ್ನೆಗೆ ತಮ್ಮ ಮಂಡಳಿ ಉತ್ತರ ಕೊಡದೆ, ಹಣ ತೆಗೆಯುವ ಬಾಗಿಲನ್ನು ಮಾತ್ರ ಬಿಗಿ ಮಾಡುತ್ತಿದೆ ಎಂಬುದು ನನ್ನ ದೂರು. 2025ರ ಅಕ್ಟೋಬರ್ 13ರ ಸಭೆಯಲ್ಲಿ ಹೊಸ ತೀರ್ಮಾನಗಳಾದವು. ಕೆಲಸ ಹೋದವರು ಪಿಎಫ್‌ನ ಮುಕ್ಕಾಲು ಭಾಗವನ್ನು ಕೂಡಲೇ ತೆಗೆಯಬಹುದು, ಶೇ 25 ಉಳಿಸಬೇಕು, ಪೂರ್ತಿ ಬೇಕಾದರೆ 12 ತಿಂಗಳು ಕಾಯಬೇಕು ಅಂತ ಆಯಿತು. ಪಿಂಚಣಿ ಹಣಕ್ಕೆ ಮೊದಲು 2 ತಿಂಗಳು ಕಾಯಬೇಕಿತ್ತು, ಅದನ್ನು 36 ತಿಂಗಳು ಮಾಡಲಾಯಿತು. ಕಾರಣವನ್ನೂ ತಮ್ಮ ಸಚಿವಾಲಯ ಹೇಳಿತು. ಖಾತೆ ಮುಚ್ಚುವ ಹೊತ್ತಿಗೆ ಅರ್ಧದಷ್ಟು ಸದಸ್ಯರ ಬಳಿ 20 ಸಾವಿರಕ್ಕಿಂತ ಕಡಿಮೆ ಉಳಿದಿರುತ್ತದೆ ಎಂಬ ಮಾತು ಅದರಲ್ಲಿತ್ತು. ಆ ಕಳವಳ ನಿಜ. ನಾನೂ ದಿನಾ ಅದನ್ನೇ ನೋಡುತ್ತಿದ್ದೇನೆ. ನಡುವೆ ಕೈ ಹಾಕದಿದ್ದರೆ ಪಿಎಫ್ ಎಷ್ಟು ಬೆಳೆಯುತ್ತದೆ ಅಂತಲೂ ಬಂದವರಿಗೆಲ್ಲ ಹೇಳುತ್ತೇನೆ. 12 ಸಾವಿರ ಸಂಬಳದವಳ ಉಳಿತಾಯ ಖಾತೆಗೆ ಅವಳ ಪಾಲು, ಮಾಲೀಕರ ಪಾಲು ಸೇರಿ ತಿಂಗಳಿಗೆ ಸುಮಾರು 1,880 ರೂಪಾಯಿ ಬೀಳುತ್ತದೆ. ಸಂಬಳ ಒಂದು ರೂಪಾಯಿ ಏರದಿದ್ದರೂ, ಬಡ್ಡಿ ಈಗಿನಷ್ಟೇ ಇದ್ದರೆ, 25 ವರ್ಷಕ್ಕೆ ಅದು 17 ಲಕ್ಷ ದಾಟುತ್ತದೆ. ಇದನ್ನು ಕೇಳಿ ಕಣ್ಣರಳಿಸಿದವರು ಇದ್ದಾರೆ. ಅರ್ಜಿ ಹಾಕದೆ ವಾಪಸ್ ಹೋದವರೂ ಇದ್ದಾರೆ.

ಅಂದರೆ ತಿಳಿಸಿ ಹೇಳಿದರೆ ಕೇಳುತ್ತಾರೆ. ತಡೆದರೆ ಏನಾಗುತ್ತದೆ ಅಂತ ಬೆಂಗಳೂರು ಒಂದು ಸಲ ನೋಡಿದೆ.

2016ರ ಫೆಬ್ರವರಿಯಲ್ಲಿ ಒಂದು ಅಧಿಸೂಚನೆ ಬಂದಿತ್ತು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವತನಕ ತೆಗೆಯುವ ಹಾಗಿಲ್ಲ ಅಂತ. ಅದನ್ನು ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಕನ್ನಡದಲ್ಲಿ ಕೂರಿಸಿ ವಿವರಿಸಿದವರು ಯಾರೂ ಇಲ್ಲ. ಬಾಯಿಂದ ಬಾಯಿಗೆ ಸುದ್ದಿ ಹರಡಿತು. ನಮ್ಮ ದುಡ್ಡು ಇನ್ನು ಸಿಗಲ್ಲವಂತೆ ಅಂತ. ಆ ವರ್ಷ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಮಿಷನ್ ಬಿಟ್ಟು ರಸ್ತೆಗೆ ಇಳಿದರು. ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆ ನಿಂತಿತು. ನಮ್ಮ ಕಡೆ ಜಾಲಹಳ್ಳಿ ಕ್ರಾಸ್‌ವರೆಗೂ ಅದು ಹಬ್ಬಿತು. ಎರಡನೇ ದಿನ ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿದರು. ಬೆಂಕಿ ಹಚ್ಚಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಸೂಪರ್‌ವೈಸರ್ ಗದರಿದರೂ ತಲೆ ತಗ್ಗಿಸಿಕೊಂಡು ಪೀಸ್ ಹೊಲಿಯುವ ಹೆಂಗಸರು, ಯೂನಿಯನ್ ನಾಯಕರು ಯಾರೂ ಕರೆಯದಿದ್ದರೂ, ತಾವಾಗಿಯೇ ಬೀದಿಗೆ ಬಂದರು. ಅದು ಸುಮ್ನೆ ಆಗುವ ಮಾತಲ್ಲ. ಏಪ್ರಿಲ್ 19ರ ಸಂಜೆಯೇ ಅಂದಿನ ಸಚಿವರು ಆ ನಿಯಮವನ್ನು ಹಿಂದಕ್ಕೆ ಪಡೆದರು.

ಹತ್ತಿರ ಹತ್ತಿರ ಹತ್ತು ವರ್ಷವಾಯಿತು. ಆವತ್ತು ಸಿಟ್ಟು ಯಾಕೆ ಬಂತು ಅಂತ ಕೇಳಿಕೊಂಡಿದ್ದರೆ ಇವತ್ತು 36 ತಿಂಗಳ ನಿಯಮ ಹೀಗೆ ಬರುತ್ತಿರಲಿಲ್ಲ. ಮೂರು ವರ್ಷದೊಳಗೆ ಇನ್ನೊಂದು ಫ್ಯಾಕ್ಟರಿಗೆ ಸೇರುವವಳಿಗೆ ಈ ನಿಯಮ ಒಳ್ಳೆಯದೇ. ಹಳೇ ವರ್ಷಗಳು ಉಳಿಯುತ್ತವೆ. ಆದರೆ ಗಾರ್ಮೆಂಟ್ಸ್ ಬಿಡುವವರೆಲ್ಲ ಇನ್ನೊಂದು ಗಾರ್ಮೆಂಟ್ಸ್‌ಗೆ ಹೋಗುವುದಿಲ್ಲ. ಮಗು ಆಯಿತು ಅಂತ ಬಿಡುತ್ತಾರೆ. ಸೊಂಟ ನೋವು, ಕಣ್ಣು ಕಾಣಲ್ಲ, ಟಾರ್ಗೆಟ್ ಮುಟ್ಟಲು ಆಗಲ್ಲ ಅಂತ ನಲವತ್ತಕ್ಕೇ ಬಿಡುತ್ತಾರೆ. ಆಮೇಲೆ ಮನೆಗೆಲಸ, ಹೂ ಕಟ್ಟುವುದು, ಊರಿಗೆ ಹೋಗಿ ಕೂಲಿ. ಅಲ್ಲೆಲ್ಲ ಪಿಎಫ್ ಎಲ್ಲಿದೆ? ಅವರಿಗೆ ಹತ್ತು ವರ್ಷ ಎಂದೂ ತುಂಬುವುದಿಲ್ಲ. ಮೂರು ವರ್ಷ ಕಾಯಿಸಿ ಅದೇ ಹಣ ಕೊಟ್ಟರೆ ಅವರ ಮುಪ್ಪಿಗೆ ಏನು ಸಹಾಯ ಆದ ಹಾಗಾಯಿತು? ಕೆಲಸ ಹೋದ ಕಾಲದಲ್ಲಿ ಅವರು ಸಂಘದ ಸಾಲಕ್ಕೆ ಹೋಗುತ್ತಾರೆ, ಅಷ್ಟೇ.

ಇನ್ನು ಕನಿಷ್ಠ ಪಿಂಚಣಿಯ ವಿಷಯ. ಈ ಪತ್ರದಲ್ಲಿ ನಾನು ಮುಖ್ಯವಾಗಿ ಕೇಳಬೇಕಾದದ್ದು ಇದನ್ನೇ.

1995ರ ನವೆಂಬರ್ 16ರಂದು ಈ ಪಿಂಚಣಿ ಯೋಜನೆ ಶುರುವಾಯಿತು. ಕನಿಷ್ಠ ಪಿಂಚಣಿ 1,000 ರೂಪಾಯಿ ಅಂತ 2014ರ ಸೆಪ್ಟೆಂಬರ್‌ನಲ್ಲಿ ಗೊತ್ತು ಮಾಡಿದರು. ಹನ್ನೊಂದು ವರ್ಷ ದಾಟಿದರೂ ಅದು ಅಲ್ಲೇ ಇದೆ. ಒಂದು ಸಲ ಪಿಂಚಣಿ ಶುರುವಾದರೆ ಸಾಯುವತನಕ ಅಷ್ಟೇ. ತುಟ್ಟಿಭತ್ಯೆ ಇಲ್ಲ, ಬೆಲೆ ಏರಿದರೂ ಪಿಂಚಣಿ ಏರುವುದಿಲ್ಲ. ರಾಜ್ಯಸಭೆಯ ಅರ್ಜಿಗಳ ಸಮಿತಿ, ಭಗತ್ ಸಿಂಗ್ ಕೋಶ್ಯಾರಿ ಅವರ ಅಧ್ಯಕ್ಷತೆಯಲ್ಲಿ, 2013ರಲ್ಲೇ ಇದನ್ನು 3,000 ಮಾಡಿ ಅಂತ ಶಿಫಾರಸು ಮಾಡಿತ್ತು. ಅಂದಿನ 3,000 ಇವತ್ತಿಗೂ ಬಂದಿಲ್ಲ. ನಿವೃತ್ತರ ಸಂಘಟನೆಗಳು 7,500 ಮತ್ತು ತುಟ್ಟಿಭತ್ಯೆ ಕೇಳುತ್ತಾ ವರ್ಷಗಟ್ಟಲೆ ಧರಣಿ ಕೂತಿವೆ. 78 ಲಕ್ಷಕ್ಕೂ ಹೆಚ್ಚು ಜನ ಈ ಪಿಂಚಣಿ ಪಡೆಯುತ್ತಿದ್ದಾರೆ. ಅವರೆಲ್ಲ ಫ್ಯಾಕ್ಟರಿಯಲ್ಲಿ, ಮಿಲ್ಲಿನಲ್ಲಿ, ಸಾರಿಗೆ ಬಸ್ಸಿನಲ್ಲಿ, ಸಹಕಾರಿ ಸಂಘಗಳಲ್ಲಿ ದುಡಿದು ಬಂದವರು.

ಎರಡು ಲೆಕ್ಕ ತಮ್ಮ ಮುಂದೆ ಇಡುತ್ತೇನೆ. 12 ಸಾವಿರ ಸಂಬಳದವಳ ಹೆಸರಲ್ಲಿ ಮಾಲೀಕರ ಪಾಲಿನಿಂದ ಪಿಂಚಣಿ ನಿಧಿಗೆ ಶೇ 8.33 ಹೋಗುತ್ತದೆ. ಅಂದರೆ ತಿಂಗಳಿಗೆ 1,000 ರೂಪಾಯಿ. ಕೇಂದ್ರ ಸರ್ಕಾರ ಶೇ 1.16 ಸೇರಿಸುತ್ತದೆ. ತಿಂಗಳಿಗೆ ಸಾವಿರದಂತೆ ವರ್ಷಾನುಗಟ್ಟಲೆ ಕಟ್ಟಿಸಿಕೊಂಡು, ಮುಪ್ಪಿನಲ್ಲಿ ಕೊಡುವ ಖಾತ್ರಿ ತಿಂಗಳಿಗೆ ಸಾವಿರ. ಆ ಹಣ ಅಷ್ಟು ವರ್ಷ ನಿಧಿಯಲ್ಲಿ ಕೂತಿದ್ದಕ್ಕೆ ಬಡ್ಡಿ ಬಂದಿರುವುದಿಲ್ಲವೇ? ವಿಧವೆಯರಿಗೆ, ಅನಾಥ ಮಕ್ಕಳಿಗೆ, ಅಂಗವಿಕಲರಾದವರಿಗೂ ಇದೇ ನಿಧಿಯಿಂದ ಕೊಡಬೇಕು, ನಿಜ. ಅದು ಕೊಡಲೇಬೇಕಾದ್ದು. ಆದರೂ ಉಳಿದ ಲೆಕ್ಕವನ್ನು ಕೆಲಸಗಾರರಿಗೆ ಅರ್ಥವಾಗುವ ಹಾಗೆ ಯಾರೂ ಬಿಡಿಸಿ ಹೇಳಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ನೋವಿನದ್ದು. ಕರ್ನಾಟಕ ಸರ್ಕಾರ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಕೊಡುತ್ತದೆ. ಕೊಡಲಿ, ಅದೂ ಸಾಲದು ಅಂತಲೇ ನಾನು ಹೇಳುತ್ತೇನೆ. ಆದರೆ ಸಂಬಳದ ಲೆಕ್ಕದಿಂದ ತಿಂಗಳು ತಿಂಗಳು ಕಟ್ಟಿದವಳಿಗೆ ತಮ್ಮ ಯೋಜನೆ ಕೊಡುವ ಕನಿಷ್ಠ ಮೊತ್ತ ಅದಕ್ಕಿಂತಲೂ ಕಡಿಮೆ. ಹತ್ತು ವರ್ಷ ಬಿಡದೆ ದುಡಿಯಮ್ಮ, 10ಸಿ ಹಾಕಬೇಡ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು?

ಸಂಬಳದ ಮಿತಿಯ ಮಾತೂ ಇಲ್ಲೇ ಬರುತ್ತದೆ. ಪಿಂಚಣಿ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಸಂಬಳ 2001ರಲ್ಲಿ 6,500 ಆಯಿತು, 2014ರ ಸೆಪ್ಟೆಂಬರ್‌ನಲ್ಲಿ 15,000 ಆಯಿತು, ಆಮೇಲೆ ಕದಲಿಲ್ಲ. ಆ ಮಿತಿಯಲ್ಲಿ 20 ವರ್ಷ ದುಡಿದವಳಿಗೂ, ಸೇವೆಗೆ ಬೋನಸ್ ಆಗಿ ಸಿಗುವ ಎರಡು ವರ್ಷವನ್ನೂ ಸೇರಿಸಿದರೆ, ತಿಂಗಳಿಗೆ 4,714 ರೂಪಾಯಿ ಅಷ್ಟೇ. ಅದಕ್ಕಿಂತ ಜಾಸ್ತಿ ಸಂಬಳಕ್ಕೆ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಈ ಪಿಂಚಣಿ ಯೋಜನೆಯೇ ಇಲ್ಲ. ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನ ಏರಿಸುವ ಮಾತು ನಡೆಯುತ್ತಿದೆ. ಏರಲಿ, ಏರಲೇಬೇಕು. ಆದರೆ ಮಿತಿ ಇಲ್ಲೇ ನಿಂತರೆ, ಸಂಬಳ ಏರಿದ ಖುಷಿಯಲ್ಲಿ ಹೊಸ ಹುಡುಗಿಯರು ಪಿಂಚಣಿಯಿಂದ ಹೊರಗೆ ಉಳಿದುಬಿಡುತ್ತಾರೆ. ಅದು ಅವರಿಗೆ ಗೊತ್ತಾಗುವುದು ಮೂವತ್ತು ವರ್ಷ ಆದ ಮೇಲೆ.

ಅಟಲ್ ಪಿಂಚಣಿ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಇದೆ, ನಾನೂ ಎಷ್ಟೋ ಜನರಿಗೆ ಸೇರಲು ಹೇಳಿದ್ದೇನೆ. 30ನೇ ವಯಸ್ಸಿಗೆ ಸೇರಿದರೆ ತಿಂಗಳಿಗೆ 577 ರೂಪಾಯಿ ಕಟ್ಟಬೇಕು, 60 ಆದ ಮೇಲೆ 5,000 ಬರುತ್ತದೆ. ಅದೂ ಬೆಲೆ ಏರಿದಂತೆ ಏರುವುದಿಲ್ಲ. 40 ದಾಟಿದವರು ಸೇರುವ ಹಾಗೂ ಇಲ್ಲ. ಸಂಬಳದಲ್ಲಿ ಪಿಎಫ್ ಕಡಿತ ಆದ ಮೇಲೆ ಮತ್ತೆ ಐನೂರು ಚಿಲ್ಲರೆ ತೆಗೆದಿಡುವುದು ಎಲ್ಲರ ಕೈಲೂ ಆಗುವ ಮಾತಲ್ಲ. ಮಾಲೀಕರು ಆಗಲೇ ಕಟ್ಟುತ್ತಿರುವ ಹಣವೇ ಮುಪ್ಪಿಗೆ ಆಸರೆ ಆಗಬೇಕಲ್ವಾ?

ಒಳ್ಳೆಯ ಕೆಲಸವೂ ಆಗಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2025ರ ಜನವರಿಯಿಂದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಿಂಚಣಿ ಪಡೆಯುವ ವ್ಯವಸ್ಥೆ ಬಂತು. ಊರಿಗೆ ಹೋಗಿ ನೆಲೆಸಿದ ನನ್ನ ತಾಯಿಯ ಗೆಳತಿಯರಿಗೆ ಇದರಿಂದ ತುಂಬಾ ಅನುಕೂಲವಾಯಿತು. ಜೀವನ ಪ್ರಮಾಣಪತ್ರವನ್ನು ಮೊಬೈಲಿನಲ್ಲೇ ಮಾಡಬಹುದು. ಹೆಸರು, ಹುಟ್ಟಿದ ತಾರೀಖು ತಿದ್ದುವುದೂ ಎಷ್ಟೋ ಜನರಿಗೆ ಸುಲಭವಾಗಿದೆ.

ಆದರೂ ತೊಡಕು ಉಳಿದಿದೆ. ಆಧಾರ್‌ನಲ್ಲಿ ಒಂದು ಹೆಸರು, ಫ್ಯಾಕ್ಟರಿ ದಾಖಲೆಯಲ್ಲಿ ಇನ್ನೊಂದು. ಮದುವೆ ಮುಂಚಿನ ಇನಿಷಿಯಲ್, ಮದುವೆ ನಂತರದ ಇನಿಷಿಯಲ್. ಒಂದು ಫ್ಯಾಕ್ಟರಿ ಕೊಟ್ಟ ಯುಎಎನ್, ಅಂದರೆ ಪಿಎಫ್ ಸದಸ್ಯರ ಗುರುತಿನ ನಂಬರ್, ಇದ್ದರೂ ಇನ್ನೊಂದು ಫ್ಯಾಕ್ಟರಿ ಹೊಸದೊಂದನ್ನು ಮಾಡಿಬಿಟ್ಟಿರುತ್ತದೆ. ಆಗ ದಾಖಲೆಯಲ್ಲಿ ಒಬ್ಬಳೇ ಹೆಂಗಸು ಇಬ್ಬರಾಗುತ್ತಾಳೆ. ಆರು ವರ್ಷ ಒಬ್ಬಳದು, ಏಳು ವರ್ಷ ಇನ್ನೊಬ್ಬಳದು. ಸೇರಿಸಿದರೆ ಪಿಂಚಣಿ ಸಿಗುತ್ತದೆ, ಸೇರಿಸದಿದ್ದರೆ ಇಬ್ಬರಿಗೂ ಸಿಗುವುದಿಲ್ಲ. ಸೇರಿಸೋಣ ಅಂದರೆ ಹಳೇ ಫ್ಯಾಕ್ಟರಿ ಬಾಗಿಲು ಮುಚ್ಚಿರುತ್ತದೆ. ಇಲ್ಲವೇ ಕೆಲಸ ಬಿಟ್ಟ ತಾರೀಖನ್ನು ಹಾಕಿಯೇ ಇರುವುದಿಲ್ಲ. ಒಟಿಪಿ ಹೋಗುವುದು ಎಂದೋ ಬಿಟ್ಟುಹೋದ ಸಿಮ್ಮಿಗೆ. ಈ ಅಲೆದಾಟದಲ್ಲಿ ಸೋತು ಎಷ್ಟೋ ಜನ "ಎಷ್ಟು ಬರುತ್ತೋ ಅಷ್ಟು ತೆಗೆದುಬಿಡಿ ಅಕ್ಕ" ಅಂದುಬಿಡುತ್ತಾರೆ.

ಹೀಗಿರುವಾಗ ತಾವು ಮಾಡಬಹುದಾದ ಕೆಲಸಗಳು ಇವೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸಾಮಾಜಿಕ ಭದ್ರತಾ ಸಂಹಿತೆಯೂ ಅದರಲ್ಲಿದೆ. ಹೇಗೂ ಹೊಸ ನಿಯಮ ಬರೆಯುವ ಕಾಲ. ಈಗ ಬರೆಯದಿದ್ದರೆ ಇನ್ನೆಷ್ಟು ವರ್ಷ ಕಾಯಬೇಕೋ.

ಕನಿಷ್ಠ ಪಿಂಚಣಿಯನ್ನು ಮೊದಲು ಏರಿಸಿ. 2013ರ ಶಿಫಾರಸಿನ 3,000ಕ್ಕಿಂತ ಇವತ್ತು ಕಡಿಮೆ ಆಗುವುದು ಯಾವ ರೀತಿಯಲ್ಲೂ ನ್ಯಾಯವಲ್ಲ. ಜೊತೆಗೆ ಅದನ್ನು ಬೆಲೆ ಏರಿಕೆಗೆ ಜೋಡಿಸಿ. ಸರ್ಕಾರಿ ನೌಕರರಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಪರಿಷ್ಕರಣೆ ಆಗುತ್ತದೆ. ಅಕ್ಕಿ, ಬೇಳೆ, ಮಾತ್ರೆಯ ಬೆಲೆ ಅವರಿಗೆ ಬೇರೆ, ನಮಗೆ ಬೇರೆ ಇಲ್ಲವಲ್ಲ. ಹಣ ಎಲ್ಲಿಂದ ತರುವುದು ಅಂತ ತಾವು ಕೇಳಬಹುದು. ಸರ್ಕಾರ ಕೊಡುವ ಶೇ 1.16 ಪಾಲು ಏರಬೇಕು. ಕಟ್ಟುವವರ ಪಾಲನ್ನೂ ಸ್ವಲ್ಪ ಏರಿಸಬೇಕಾದೀತು. ಅದನ್ನು ಮುಚ್ಚಿಡದೆ ಕೆಲಸಗಾರರ ಮುಂದೆ ಇಡಿ. ಬೆಲೆ ಏರಿದಂತೆ ಪಿಂಚಣಿಯೂ ಏರುತ್ತದೆ ಅಂತ ಖಾತ್ರಿ ಕೊಟ್ಟರೆ ತಿಂಗಳಿಗೆ ಐವತ್ತು, ನೂರು ಜಾಸ್ತಿ ಕಟ್ಟಲು ಒಪ್ಪುವವರು ನನ್ನ ಬೆಂಚಿನ ಮೇಲೇ ಕೂತಿದ್ದಾರೆ.

10ಸಿ ಅರ್ಜಿ ಸಲ್ಲಿಸುವ ಮುಂಚೆ ಪರದೆಯ ಮೇಲೆ ಒಂದು ಪುಟ ಬರಲಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಇಲ್ಲಿಯತನಕ ನಿಮ್ಮ ಸೇವೆ ಇಷ್ಟು ವರ್ಷ, ಇಷ್ಟು ತಿಂಗಳು. ಪಿಂಚಣಿಗೆ ಇನ್ನು ಇಷ್ಟು ಬೇಕು. ಈಗ ತೆಗೆದರೆ ಇಷ್ಟು ಬರುತ್ತದೆ, ಈ ವರ್ಷಗಳು ಹೋಗುತ್ತವೆ. ಉಳಿಸಿದರೆ 58ಕ್ಕೆ ಅಂದಾಜು ಇಷ್ಟು, ನೀವು ತೀರಿಕೊಂಡರೆ ಗಂಡನಿಗೆ ಇಷ್ಟು, ಮಕ್ಕಳಿಗೆ ಇಷ್ಟು. ಅದನ್ನು ಓದಿಯೂ ಬೇಕು ಅನ್ನುವವಳಿಗೆ ಕೊಡಿ, ಅದು ಅವಳ ಹಣ. ಲೆಕ್ಕ ತಮ್ಮ ಕಂಪ್ಯೂಟರ್‌ನಲ್ಲಿ ಆಗಲೇ ಇದೆ, ತೋರಿಸುವುದೊಂದೇ ಬಾಕಿ. ಇದೇ ಲೆಕ್ಕವನ್ನು ವರ್ಷಕ್ಕೊಮ್ಮೆ ಸಂಬಳದ ಚೀಟಿ ಜೊತೆ ಫ್ಯಾಕ್ಟರಿಯಲ್ಲೇ ಕೊಡುವಂತೆ ನಿಯಮ ಮಾಡಿ. ಪಾಸ್‌ಬುಕ್ಕಿನಲ್ಲಿ ಪಿಂಚಣಿಗೆ ಎಷ್ಟು ಕಟ್ಟಿದ್ದಾರೆ ಅಂತ ಕಾಣುತ್ತದೆ, ಮುಂದೆ ಎಷ್ಟು ಬರುತ್ತದೆ ಅಂತ ಕಾಣುವುದಿಲ್ಲ. ಮುಪ್ಪಿಗೆ ಎಷ್ಟು ಉಳಿಸಬೇಕು ಅಂತ ಯೋಚಿಸಲು ಬೇಕಾಗಿರುವುದು ಆ ಎರಡನೇ ಅಂಕಿ.

36 ತಿಂಗಳ ಕಾಯುವಿಕೆಯನ್ನು ಮತ್ತೆ ಯೋಚಿಸಿ. ಕಾಯಿಸಲೇಬೇಕು ಅನ್ನುವುದಾದರೆ ಕೆಲಸ ಇಲ್ಲದ ತಿಂಗಳುಗಳಲ್ಲಿ ಅವಳು ಬದುಕುವ ದಾರಿಯನ್ನೂ ಹೇಳಿ. ಕೆಲಸಗಾರರ ವಿಮೆಯಾದ ಇಎಸ್‌ಐನಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಒಂದಿದೆ. ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಅರ್ಧವನ್ನು 90 ದಿನದವರೆಗೆ ಕೊಡುತ್ತದೆ. ನನ್ನ ಅಂಗಡಿಗೆ ಇದನ್ನು ಕೇಳಿಕೊಂಡು ಬಂದವರು ಒಬ್ಬರೂ ಇಲ್ಲ. ಗಾರ್ಮೆಂಟ್ಸ್‌ನವರಿಗೆಲ್ಲ ಇಎಸ್‌ಐ ಕಡಿತ ಆಗುತ್ತದೆ. ಫ್ಯಾಕ್ಟರಿ ಮುಚ್ಚಿದಾಗ, ಲೇಆಫ್ ಆದಾಗ, ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಖು ಬಿದ್ದ ಕೂಡಲೇ ಆ ನೆರವು ತಾನಾಗಿಯೇ ಅವಳ ಬ್ಯಾಂಕ್ ಖಾತೆಗೆ ಬರುವ ಹಾಗೆ ಜೋಡಿಸಿ. ಎರಡೂ ಸಂಸ್ಥೆಗಳು ತಮ್ಮ ಸಚಿವಾಲಯದ ಕೆಳಗೇ ಇವೆ. ಪಿಎಫ್ ತೆಗೆಯಲು ಬರುವವರ ಸಾಲು ಅರ್ಧ ಕರಗುತ್ತದೆ. ನನ್ನ ವ್ಯಾಪಾರ ಕಡಿಮೆಯಾದರೆ ಆಗಲಿ, ನನಗೆ ಬೇಸರ ಇಲ್ಲ.

ಹೆಸರು ತಿದ್ದುವುದು, ಎರಡು ನಂಬರ್ ಸೇರಿಸುವುದು, ಕೆಲಸ ಬಿಟ್ಟ ತಾರೀಖು ಹಾಕುವುದು, ಇವೆಲ್ಲ ಕೆಲಸ ಬಿಡುವ ದಿನವೇ ಫ್ಯಾಕ್ಟರಿ ಮುಗಿಸಿ ಕೊಡಬೇಕು ಅಂತ ಕಡ್ಡಾಯ ಮಾಡಿ, ಮಾಡದವರಿಗೆ ದಂಡ ಹಾಕಿ. ಮುಚ್ಚಿಹೋದ ಫ್ಯಾಕ್ಟರಿಗಳವರಿಗೆ ತಮ್ಮ ಅಧಿಕಾರಿಗಳೇ ದೃಢೀಕರಿಸಿಕೊಡಲಿ.

ಇನ್ನೊಂದು ಸಣ್ಣ ಬೇಡಿಕೆ ಇದೆ. ಹಣ ಖರ್ಚಾಗದ್ದು. ಪ್ರತಿ ತಿಂಗಳು 27ರಂದು 'ನಿಧಿ ಆಪ್ಕೆ ನಿಕಟ್' ಅಂತ ಜಿಲ್ಲೆಗಳಲ್ಲಿ ಶಿಬಿರ ನಡೆಸುತ್ತೀರಿ. ಒಳ್ಳೆಯ ಯೋಚನೆ. ಆದರೆ 27 ಕೆಲಸದ ದಿನ ಬಂದರೆ ಗಾರ್ಮೆಂಟ್ಸ್ ಹೆಂಗಸು ರಜೆ ಹಾಕಬೇಕು. ರಜೆ ಹಾಕಿದರೆ ಸಂಬಳ ಹೋಗುತ್ತದೆ, ಹಾಜರಾತಿ ಬೋನಸ್ಸೂ ಹೋಗುತ್ತದೆ. ಅವರಿಗೆ ಬಿಡುವು ಇರುವುದು ಭಾನುವಾರ ಒಂದೇ. ತಿಂಗಳಿಗೆ ಒಂದು ಭಾನುವಾರ ಪೀಣ್ಯದಲ್ಲಿ, ಬೊಮ್ಮನಹಳ್ಳಿಯಲ್ಲಿ, ಮೈಸೂರು ರಸ್ತೆಯಲ್ಲಿ, ದೊಡ್ಡಬಳ್ಳಾಪುರದಲ್ಲಿ, ಮದ್ದೂರಿನಲ್ಲಿ ಶಿಬಿರ ಹಾಕಿ. ಕನ್ನಡ ಬರುವ ಸಿಬ್ಬಂದಿ ಇರಲಿ. ಈಗ ಈ ಫ್ಯಾಕ್ಟರಿಗಳಿಗೆ ಒಡಿಶಾ, ಜಾರ್ಖಂಡ್‌ನಿಂದಲೂ ಹುಡುಗಿಯರು ಬಂದಿದ್ದಾರೆ, ಅವರ ಭಾಷೆ ಬರುವವರೂ ಒಬ್ಬರಿರಲಿ. ಬೆಂಚು, ಕುಡಿಯುವ ನೀರು, ಝೆರಾಕ್ಸ್, ಇದನ್ನೆಲ್ಲ ಲಗ್ಗೆರೆ, ಪೀಣ್ಯ ಭಾಗದಲ್ಲಿ ನನ್ನಂಥ ಅಂಗಡಿಯವರು ಸೇರಿ ನೋಡಿಕೊಳ್ಳುತ್ತೇವೆ.

ಟ್ರಸ್ಟಿಗಳ ಮಂಡಳಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಕನಿಷ್ಠ ಪಿಂಚಣಿ ಇದೆಯೋ ಇಲ್ಲವೋ ಅಂತ ದಯವಿಟ್ಟು ತಿಳಿಸಿ. ಉತ್ತರ ಕನ್ನಡದಲ್ಲಿ ಬಂದರೆ ಅಂಗಡಿ ಬಾಗಿಲಿಗೆ ಅಂಟಿಸುತ್ತೇನೆ. ಕಾಯುತ್ತಿರುವವರು ಓದಿಕೊಳ್ಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಗಾರ್ಮೆಂಟ್ಸ್ ಕೆಲಸಗಾರ್ತಿಯ ಮಗಳು, ಝೆರಾಕ್ಸ್ ಅಂಗಡಿಯವಳು
ಲಗ್ಗೆರೆ, ಬೆಂಗಳೂರು